ನಿಂತ ಲಾರಿಯನ್ನು ಹಿಡಿದಿಡುವುದು ಯಾವುದು?

ಓಡುತ್ತಿರುವ ಲಾರಿಯನ್ನು ನಿಲ್ಲಿಸುವುದು ಒಂದು ಕೆಲಸ. ನಿಂತ ಲಾರಿಯನ್ನು ನಿಂತಲ್ಲಿಯೇ ಇರಿಸುವುದು ಇನ್ನೊಂದು. ಮೊದಲನೆಯದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಚಾಲಕನೂ ತನ್ನ ಸ್ಥಾನದಲ್ಲಿರುತ್ತಾನೆ. ಎರಡನೆಯದಾದರೋ ಚಾಲಕನು ಊಟಕ್ಕೆ ಹೋಗಿರುವಾಗಲೂ ನಿದ್ರಿಸುತ್ತಿರುವಾಗಲೂ ನಡೆಯುತ್ತಲೇ ಇರಬೇಕು. ಈ ಕೆಲಸಕ್ಕಾಗಿಯೇ ಇರುವ ಸಾಧನಕ್ಕೆ ನಿಲುಗಡೆಯ ಬ್ರೇಕು ಅಥವಾ ಪಾರ್ಕಿಂಗ್ ಬ್ರೇಕು ಎಂದು ಹೆಸರು. ಭಾರಿ ವಾಹನಗಳಲ್ಲಿ ಅದು ಹೇಗಿರಬೇಕೆಂಬುದನ್ನು ಕಾನೂನು ನಿರ್ದಿಷ್ಟವಾಗಿ ವಿಧಿಸುತ್ತದೆ. ಆ ವಿಧಿಗಳ ಹಿಂದಿರುವ ವಿಜ್ಞಾನವನ್ನು ಇಲ್ಲಿ ನೋಡೋಣ.

ಇಳಿಜಾರಿನ ಸೆಳೆತ

ಶೇಕಡಾ 20ರ ಇಳಿಜಾರು ಎಂದರೆ ಸಮತಲದಲ್ಲಿ 100 ಮೀಟರು ಸಾಗುವಷ್ಟರಲ್ಲಿ 20 ಮೀಟರು ಏರುವ ರಸ್ತೆ. ಅದರ ಕೋನ ಸುಮಾರು 11.3 ಡಿಗ್ರಿ. ಅಲ್ಲಿ ನಿಂತ ವಾಹನದ ಭಾರದ ಒಂದಂಶವು ಅದನ್ನು ಕೆಳಕ್ಕೆ ಸೆಳೆಯುತ್ತದೆ. ಭಾರವನ್ನು ಆ ಕೋನದ ಸೈನಿನಿಂದ ಗುಣಿಸಿದರೆ ಈ ಸೆಳೆತ ದೊರೆಯುತ್ತದೆ. ಇಲ್ಲಿ ಸೈನಿನ ಬೆಲೆ 0.196. ಆದುದರಿಂದ 40 ಟನ್ನಿನ ಲಾರಿಯನ್ನು ಸುಮಾರು 7.8 ಟನ್ ಭಾರಕ್ಕೆ ಸಮನಾದ ಬಲವು ಎಡೆಬಿಡದೆ ಎಳೆಯುತ್ತಿರುತ್ತದೆ. ಬ್ರೇಕು ಅಷ್ಟೇ ಬಲದಿಂದ ಅದನ್ನು ತಡೆಯಬೇಕು.

ಗಾಳಿಯ ದೋಷ

ಭಾರಿ ವಾಹನಗಳ ಕಾಲು ಬ್ರೇಕು ಸಾಮಾನ್ಯವಾಗಿ ಅದುಮಿದ ಗಾಳಿಯಿಂದ ಕೆಲಸಮಾಡುತ್ತದೆ. ಚಾಲಕನು ಪೆಡಲನ್ನು ತುಳಿದಾಗ ಟ್ಯಾಂಕಿನ ಗಾಳಿಯು ಚಕ್ರದ ಬಳಿಯ ಕೋಶಕ್ಕೆ ನುಗ್ಗಿ, ಸರಳೊಂದನ್ನು ತಳ್ಳಿ ಬ್ರೇಕನ್ನು ಒತ್ತಿಹಿಡಿಯುತ್ತದೆ. ಎಂಜಿನ್ ನಡೆಯುತ್ತಿರುವವರೆಗೆ ಗಾಳಿಗೆ ಕೊರತೆಯಿಲ್ಲ. ಆದರೆ ಎಂಜಿನ್ ನಿಂತ ಮೇಲೆ ಕೊಳವೆಗಳ ಸಂದುಗಳಲ್ಲಿ ಗಾಳಿಯು ಸ್ವಲ್ಪಸ್ವಲ್ಪವಾಗಿ ಸೋರಿಹೋಗಬಹುದು. ಗಾಳಿಯನ್ನೇ ನಂಬಿ ನಿಲ್ಲಿಸಿದ ವಾಹನವು ಸಂಜೆ ಅಲುಗಾಡದೆ ನಿಂತಿದ್ದು, ನಡುರಾತ್ರಿಯಲ್ಲಿ ಉರುಳಲಾರಂಭಿಸಬಹುದು.

ಇದು ಬರಿಯ ಊಹೆಯಲ್ಲ. 2013ರ ಜುಲೈ ತಿಂಗಳಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಕಚ್ಚಾತೈಲದ 72 ಟ್ಯಾಂಕುಗಳಿದ್ದ ರೈಲೊಂದನ್ನು ಇಳಿಜಾರಿನಲ್ಲಿ ನಿಲ್ಲಿಸಲಾಗಿತ್ತು. ಕೈಬ್ರೇಕುಗಳನ್ನು ಸಾಕಷ್ಟು ಹಾಕಿರಲಿಲ್ಲ. ಎಂಜಿನಿನ ಗಾಳಿ ಬ್ರೇಕೇ ರೈಲನ್ನು ಹಿಡಿದಿತ್ತು. ಎಂಜಿನಿಗೆ ಬೆಂಕಿ ತಗಲಿದುದರಿಂದ ಅದನ್ನು ಆರಿಸಿದರು. ಗಾಳಿ ಸೋರಿತು, ರೈಲು ಉರುಳಿತು. ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ ಅದು ಹಳಿತಪ್ಪಿ ಹೊತ್ತಿ ಉರಿದು 47 ಮಂದಿ ಮಡಿದರು. ಲಾರಿಗೂ ರೈಲಿಗೂ ಈ ವಿಷಯದಲ್ಲಿ ಭೇದವಿಲ್ಲ.

ನಮ್ಮ ಘಟ್ಟದ ರಸ್ತೆಗಳಲ್ಲಿ ಕೆಟ್ಟುನಿಂತ ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟಿರುವುದನ್ನು ವಾಚಕರು ನೋಡಿರಬಹುದು. ಕಲ್ಲು ಸೋರುವುದಿಲ್ಲ. ನಿಲುಗಡೆಯ ಬ್ರೇಕಿನಲ್ಲಿಯೂ ಬೇಕಾದುದು ಇದೇ ಗುಣ.

ಸ್ಪ್ರಿಂಗಿನ ಉಪಾಯ

ಇದಕ್ಕಾಗಿ ಎಂಜಿನಿಯರುಗಳು ಗಾಳಿಯ ಪಾತ್ರವನ್ನೇ ತಿರುಗಿಸಿದರು. ಬ್ರೇಕಿನ ಕೋಶಕ್ಕೆ ಇನ್ನೊಂದು ಕೋಶವನ್ನು ಜೋಡಿಸಿ, ಅದರಲ್ಲಿ ಬಲವಾದ ಉಕ್ಕಿನ ಸ್ಪ್ರಿಂಗನ್ನು ಇರಿಸುತ್ತಾರೆ. ಇಲ್ಲಿ ಗಾಳಿಯು ಬ್ರೇಕನ್ನು ಹಾಕುವುದಿಲ್ಲ. ಸ್ಪ್ರಿಂಗನ್ನು ಅದುಮಿಹಿಡಿದು ಬ್ರೇಕನ್ನು ಬಿಡಿಸಿರುತ್ತದೆ. ಇದಕ್ಕೆ ಚದರ ಅಂಗುಲಕ್ಕೆ ಸುಮಾರು 60 ಪೌಂಡಿನ ಒತ್ತಡ ಬೇಕು. ಚಾಲಕನು ಕವಾಟವನ್ನು ತಿರುಗಿಸಿ ಆ ಗಾಳಿಯನ್ನು ಹೊರಬಿಟ್ಟೊಡನೆ ಸ್ಪ್ರಿಂಗು ಹಿಗ್ಗಿ ಬ್ರೇಕನ್ನು ಒತ್ತುತ್ತದೆ. ಗಾಳಿ ತಾನಾಗಿ ಸೋರಿಹೋದರೂ ಫಲ ಅದೇ. ಹೀಗೆ ಸೋರಿಕೆಯು ವಾಹನವನ್ನು ಬಿಡಿಸುವ ಬದಲು ಬಿಗಿಹಿಡಿಯುತ್ತದೆ.

ಕಾನೂನಿನ ವಿಧಿಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗಾಳಿ ಬ್ರೇಕುಗಳಿಗೆ ಸಂಬಂಧಿಸಿದ 121ನೆಯ ಸುರಕ್ಷತಾ ಮಾನದಂಡವು 1975ರಲ್ಲಿ ಜಾರಿಗೆ ಬಂದಿತು. ಅದರ ಇಳಿಜಾರು ಪರೀಕ್ಷೆಯಲ್ಲಿ ವಾಹನವು ಶೇಕಡಾ 20ರ ಒಣ ಕಾಂಕ್ರೀಟು ಇಳಿಜಾರಿನಲ್ಲಿ, ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ನಿಲ್ಲಬೇಕು. ಇದರ ಬದಲು ಅಚ್ಚುಗಳ ತಡೆಬಲವನ್ನು ಅಳೆಯುವ ಪರೀಕ್ಷೆಗೂ ಅವಕಾಶವಿದೆ. ಒಮ್ಮೆ ಹಾಕಿದ ಬ್ರೇಕನ್ನು ಯಾಂತ್ರಿಕ ಸಾಧನವೇ ಹಿಡಿದಿರಬೇಕು.

ಯೂರೋಪು ಮೊದಲಾದೆಡೆ ಅನುಸರಿಸುವ ವಿಶ್ವಸಂಸ್ಥೆಯ 13ನೆಯ ನಿಯಮಾವಳಿಯಲ್ಲಿ, ತುಂಬಿದ ವಾಹನವು ಶೇಕಡಾ 18ರ ಇಳಿಜಾರಿನಲ್ಲಿ ನಿಲ್ಲಬೇಕು. ಬಿಚ್ಚಿ ನಿಲ್ಲಿಸಿದ ಟ್ರೈಲರಿಗೂ ಇದೇ ಅಳತೆ. ಟ್ರೈಲರನ್ನು ಎಳೆಯುವ ಲಾರಿಗೆ ಇನ್ನೊಂದು ಪರೀಕ್ಷೆಯುಂಟು. ಅದರ ನಿಲುಗಡೆಯ ಬ್ರೇಕೊಂದೇ ಇಡೀ ಜೋಡಿಯನ್ನು ಶೇಕಡಾ 12ರ ಇಳಿಜಾರಿನಲ್ಲಿ ಹಿಡಿಯಬೇಕು. ಲಾರಿಯನ್ನು ನಿಲ್ಲಿಸುವಾಗ ಟ್ರೈಲರಿನ ಗಾಳಿ ಬ್ರೇಕೂ ಜೊತೆಗೆ ಬೀಳಬಹುದು. ಆದರೆ ಆ ಗಾಳಿ ಹೋದರೂ ಯಾಂತ್ರಿಕ ಹಿಡಿತವೊಂದೇ ಸಾಕೆಂಬುದನ್ನು ಚಾಲಕನು ಯಾವಾಗ ಬೇಕಾದರೂ ಪರೀಕ್ಷಿಸಿ ನೋಡುವಂತಿರಬೇಕು ಎಂದು ನಿಯಮವು ವಿಧಿಸುತ್ತದೆ.

ಎರಡು ಎಚ್ಚರಿಕೆಗಳು

ಸ್ಪ್ರಿಂಗು ಹಿಗ್ಗಿದಷ್ಟೂ ಅದರ ಬಲ ಕುಗ್ಗುತ್ತದೆ. ಬ್ರೇಕಿನ ಪಟ್ಟಿಗಳು ಸವೆದು ಸರಳು ಹೆಚ್ಚು ದೂರ ಚಲಿಸಬೇಕಾದರೆ, ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ಗೆದ್ದ ವಾಹನವೂ ಇಳಿಜಾರಿನಲ್ಲಿ ಸೋಲಬಹುದು. ಆದುದರಿಂದ ಬ್ರೇಕನ್ನು ಆಗಾಗ ಸರಿಹೊಂದಿಸುತ್ತಿರಬೇಕು. ಎರಡನೆಯದಾಗಿ, ಅದುಮಿಟ್ಟ ಸ್ಪ್ರಿಂಗಿನಲ್ಲಿ ಅಪಾರ ಶಕ್ತಿ ಅಡಗಿದೆ. ಅದನ್ನು ಬೋಲ್ಟಿನಿಂದ ಬಂಧಿಸದೆ ಕೋಶವನ್ನು ಬಿಚ್ಚಿದರೆ ಮುಚ್ಚಳವು ಸಿಡಿದು ಪ್ರಾಣವನ್ನೇ ತೆಗೆಯಬಲ್ಲುದು. ತಿಳಿದವರಲ್ಲದೆ ಅನ್ಯರು ಅದನ್ನು ಮುಟ್ಟಬಾರದು.

ಅಭ್ಯಾಸ: ಎಳೆಯುವ ಲಾರಿ, ಟ್ರೈಲರುಗಳ ಒಟ್ಟು ಭಾರ 40 ಟನ್. ಶೇಕಡಾ 12ರ ಇಳಿಜಾರಿನಲ್ಲಿ ಲಾರಿಯೊಂದೇ ಒದಗಿಸಬೇಕಾದ ತಡೆಬಲವೆಷ್ಟು? (ಉತ್ತರ: ಸುಮಾರು 4.8 ಟನ್ ಭಾರಕ್ಕೆ ಸಮನಾದ ಬಲ.)