ಮಂಜಿನ ಬಲೆ ನಮ್ಮ ಗುಡ್ಡೆಗೆ ಒಗ್ಗೀತೇ?

ಪ್ರಶ್ನೆ: ಮಳೆಗಾಲದ ಆಟಿ ತಿಂಗಳಲ್ಲಿ ಪೊಸಡಿಗುಂಪೆ ಗುಡ್ಡೆಯ ನೆತ್ತಿಯೇ ಕಾಣದಷ್ಟು ಮಂಜು ಕವಿಯುತ್ತದೆ. ಮಾರ್ಚ್ ಬಂದರೆ ಅಡಿಕೆ ತೋಟಕ್ಕೆ ಬಿಡಲು ನೀರಿಲ್ಲ, ಕೊಳವೆಬಾವಿಯೂ ಕೈಕೊಟ್ಟಿದೆ. ಚಿಲಿ ದೇಶದಲ್ಲಿ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುತ್ತಾರಂತೆ. ಗುಡ್ಡೆಯ ಮೇಲೆ ಶೇಡ್‌ನೆಟ್ ಕಟ್ಟಿದರೆ ನಮಗೂ ಸಿಕ್ಕೀತೇ?
— ಕೃಷಿಕ, ಪೈವಳಿಕೆ

ಉತ್ತರ: ನೀರೇನೋ ತೊಟ್ಟಿಕ್ಕುತ್ತದೆ, ನಿಮ್ಮ ತೋಟಕ್ಕೆ ಬೇಕಾದ ಹೊತ್ತಿಗೆ ಅಲ್ಲ.

ಚಿಲಿಯ ಚುಂಗುಂಗೋ ಎಂಬ ಮೀನುಗಾರರ ಹಳ್ಳಿಯಲ್ಲಿ ವರ್ಷದ ಮಳೆ 100 ಮಿಲಿಮೀಟರ್ ಕೂಡ ಇಲ್ಲ. ಆದರೆ ಸಮುದ್ರದಿಂದ ಬರುವ ಮಂಜು ಮೇಲಿನ ಎಲ್ ಟೋಫೋ ಬೆಟ್ಟಕ್ಕೆ ಬಡಿಯುತ್ತಲೇ ಇರುತ್ತದೆ. ಅಲ್ಲಿ 1990ರ ದಶಕದಲ್ಲಿ ತಲಾ 48 ಚದರ ಮೀಟರಿನ ಸುಮಾರು ನೂರು ಬಲೆಗಳಿದ್ದವು. ಗಾಳಿಯಲ್ಲಿ ತೇಲುವ ಹನಿಗಳು ಎಳೆಗೆ ತಾಗಿ, ಒಂದಕ್ಕೊಂದು ಕೂಡಿ ದಪ್ಪವಾಗಿ, ಕೆಳಗಿನ ದಂಬೆಗೆ ಇಳಿಯುತ್ತಿದ್ದವು. ದಿನಕ್ಕೆ ಸರಾಸರಿ 15,000 ಲೀಟರ್, ಅಂದರೆ ಚದರ ಮೀಟರಿಗೆ ಮೂರು ಲೀಟರ್. ಆಮೇಲೆ ನೋಡಿಕೊಳ್ಳುವವರಿಲ್ಲದೆ ಬಲೆಗಳು ಹರಿದು, ಹಳ್ಳಿ ಕೊನೆಗೆ ಟ್ಯಾಂಕರ್ ನೀರಿಗೇ ಮರಳಿತು.

ಈಗ ನಮ್ಮ ಲೆಕ್ಕ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರಿನ ಮಾಡಿನ ಮೇಲೆ ಮೂರು ಲಕ್ಷ ಲೀಟರ್ ಸುರಿಯುತ್ತದೆ. ಅಷ್ಟೇ ದೊಡ್ಡ ಬಲೆ ಚಿಲಿಯ ಲೆಕ್ಕದಲ್ಲೇ ನೂರು ದಿನ ಮಂಜು ಹಿಡಿದರೂ ಮೂವತ್ತು ಸಾವಿರ ಲೀಟರ್. ಅದೂ ತೋಡು ತುಂಬಿ ಹರಿಯುವ ಮಳೆಗಾಲದಲ್ಲಿ! ಮಾರ್ಚಿನ ಸೆಕೆಗಾಳಿಯಲ್ಲಿ ತೇವ ಎಷ್ಟಿದ್ದರೂ ಅದು ಆವಿ. ಆವಿ ಹನಿಯಾಗದೆ ಬಲೆಗೆ ಸಿಗದು.

ಬಲೆಯ ದುಡ್ಡನ್ನು ಗುಡ್ಡೆಯ ಒಡಲಿಗೆ ಹಾಕಿ. ನಿಮ್ಮೂರಿನ ಸುರಂಗಗಳನ್ನೇ ನೋಡಿ: ಆಳೊಬ್ಬ ನಡೆಯುವಷ್ಟು ಅಗಲಕ್ಕೆ ಮುರಕಲ್ಲನ್ನು ಅಡ್ಡಕ್ಕೆ ಕೊರೆದರೆ ಒರತೆ ಜಿನುಗಿ, ಪಂಪಿಲ್ಲದೆ ಟಾಂಕಿಗೆ ಹರಿದು ಬರುತ್ತದೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ಕೊರೆದು ಬರಡು ಗುಡ್ಡೆಯಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮಲ್ಲಿ ಹಳೆಯ ಸುರಂಗವಿದ್ದರೆ ಅದರ ಮೇಲ್ಭಾಗದ ಮದಕದ (ಇಂಗುಕೆರೆಯ) ಹೂಳು ತೆಗೆಸಿ. ಮಳೆ ಹಿಂದೆ ಸರಿದ ಮೇಲೆ, ಹರಿವು ಇನ್ನೂ ಇರುವಾಗಲೇ ತೋಡಿಗೆ ಕಟ್ಟ ಹಾಕಿ. ಇದನ್ನು ನೆರೆಕರೆಯವರೆಲ್ಲ ಸೇರಿಯೇ ಮಾಡಬೇಕು. ಮುಚ್ಚಿಹೋದ ಸುರಂಗಕ್ಕೆ ಮಾತ್ರ ಅನುಭವಿಗಳಿಲ್ಲದೆ ಇಳಿಯಬೇಡಿ. ಒಳಗೆ ದೀಪ ನಂದಿತೆಂದರೆ ಉಸಿರಾಡುವ ಗಾಳಿಯಿಲ್ಲ ಎಂದೇ ಅರ್ಥ, ತಕ್ಷಣ ಹೊರಗೆ ಬನ್ನಿ.

ಪ್ರಶ್ನೆ: ಡಿಸೆಂಬರ್ ಬೆಳಗ್ಗೆ ನಮ್ಮ ನರ್ಸರಿಯ ಶೇಡ್‌ನೆಟ್ ಒದ್ದೆಯಾಗಿರುತ್ತದೆ. ಅದು ಮಂಜಿನ ನೀರೇ? ಶಾಲೆಯ ವಿಜ್ಞಾನ ಮೇಳಕ್ಕೆ ಅಳೆದು ತೋರಿಸಬಹುದೇ?
— ಪ್ಲಸ್ ಒನ್ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಬಹುಮಟ್ಟಿಗೆ ಅದು ಇಬ್ಬನಿ. ರಾತ್ರಿ ತಣ್ಣಗಾದ ಬಲೆಯ ಮೇಲೆಯೇ ಆವಿ ನೀರಾಗುತ್ತದೆ, ಅದಕ್ಕೆ ಗಾಳಿ ಬೇಡ. ಮಂಜು ಹಿಡಿಯಲು ಗಾಳಿ ಬೇಕೇ ಬೇಕು.

ಅಳೆಯುವ ಯೋಚನೆ ಬಹಳ ಒಳ್ಳೆಯದು, ಖಂಡಿತ ಮಾಡಿ. ಒಂದು ಮೀಟರ್ ಉದ್ದಗಲದ ಚೌಕಟ್ಟಿಗೆ ಶೇ. 35 ನೆರಳಿನ ಶೇಡ್‌ನೆಟ್ಟನ್ನು ಎರಡು ಪದರ ಬಿಗಿದು, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಗಾಳಿಗೆ ಎದುರಾಗಿ ನಿಲ್ಲಿಸಿ. ಅಡಿಗೆ ಸೀಳಿದ ಪಿವಿಸಿ ಪೈಪು, ಅದರ ತುದಿಗೆ ಕ್ಯಾನು. ಪಕ್ಕದಲ್ಲೊಂದು ಮಳೆಮಾಪಕ ಇಡಲು ಮರೆಯಬೇಡಿ. ಓರೆಯಾಗಿ ಬೀಸುವ ಮಳೆಯೂ ಬಲೆಗೆ ಬೀಳುವುದರಿಂದ, ಮಳೆ ದಾಖಲಾದ ದಿನಗಳನ್ನು ಮಂಜಿನ ಲೆಕ್ಕದಿಂದ ಬಿಟ್ಟುಬಿಡಿ.