ದ್ರೌಪದಿ ಪಾರ್ಟಿನವರು ಮತ್ತು ಐಸ್‌ಲ್ಯಾಂಡಿನ ಗಾಯಕಿ

ಪ್ರಶ್ನೆ: ಜಾತ್ರೆಗಳಲ್ಲಿ ಕುರುಕ್ಷೇತ್ರ ನಾಟಕ ನೋಡಿಕೊಂಡು ಬೆಳೆದವಳು ನಾನು. ಮೊನ್ನೆ ಮೊಬೈಲಿನಲ್ಲಿ ಐಸ್‌ಲ್ಯಾಂಡಿನ ಗಾಯಕಿಯೊಬ್ಬರ ಒಪೆರಾ ಕೇಳಿದೆ. ಮೈಕೇ ಇಲ್ಲದೆ ಅಷ್ಟು ದೊಡ್ಡ ಸಭಾಂಗಣಕ್ಕೆ ಹಾಡುತ್ತಾರಂತೆ. ಅದನ್ನು ಹೇಗೆ ಕಲಿಯುತ್ತಾರೆ? ಅದರಲ್ಲೇ ಜೀವನ ನಡೆಯುತ್ತದೆಯೆ? ನಮ್ಮ ಕಡೆ ಅಂಥವರು ಇರಲಿಲ್ಲವೆ? ನನ್ನ ಮಗಳಿಗೆ ಹನ್ನೆರಡು ವರ್ಷ, ಕಂಠ ಚೆನ್ನಾಗಿದೆ. ಅದಕ್ಕೆ ಕೇಳುತ್ತಿದ್ದೇನೆ.
— ಓದುಗರೊಬ್ಬರು, ಮಧುಗಿರಿ ತಾಲ್ಲೂಕು

ಉತ್ತರ: ಐಸ್‌ಲ್ಯಾಂಡ್ ಎಷ್ಟು ಪುಟ್ಟ ದೇಶ ಅಂದರೆ, ಅಲ್ಲಿರುವ ಜನ ನಾಲ್ಕು ಲಕ್ಷದ ಆಸುಪಾಸು. ನಿಮ್ಮ ಮಧುಗಿರಿ, ಪಕ್ಕದ ಶಿರಾ, ಕೊರಟಗೆರೆ, ಪಾವಗಡ ಸೇರಿಸಿದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಜನ ಆಗುತ್ತಾರೆ. ಆ ಪುಟ್ಟ ದೇಶದಲ್ಲಿ 1980ರಲ್ಲಿ ಒಪೆರಾ ಸಂಸ್ಥೆ ಹುಟ್ಟಿತು. ಹಳೆಯ ಸಿನಿಮಾ ಟಾಕೀಸೊಂದರಲ್ಲಿ ವರ್ಷಗಟ್ಟಲೆ ಪ್ರದರ್ಶನ ನಡೆಸಿ, 2011ರಲ್ಲಿ ರಾಜಧಾನಿ ರೇಕ್ಯಾವಿಕ್‌ನ ಕಡಲಂಚಿನಲ್ಲಿ ತೆರೆದ ಹಾರ್ಪಾ ಎಂಬ ಗಾಜಿನ ಸಂಗೀತ ಭವನಕ್ಕೆ ಬಂತು. ಇದು ಪವಾಡವೇನಲ್ಲ. ಅಲ್ಲಿ ಸಣ್ಣ ಸಣ್ಣ ಊರಲ್ಲೂ ಸಂಗೀತ ಶಾಲೆ ಇದೆ, ಮೇಷ್ಟ್ರ ಸಂಬಳವನ್ನು ಸ್ಥಳೀಯ ಆಡಳಿತ ನೋಡಿಕೊಳ್ಳುತ್ತದೆ. ಚರ್ಚಿನಲ್ಲೋ ಶಾಲೆಯಲ್ಲೋ ಗುಂಪುಗಾಯನದಲ್ಲಿ ನಿಂತು ಹಾಡದ ಮಕ್ಕಳು ಅಪರೂಪ.

ಹಾಗೆ ಗುಂಪಿನಲ್ಲಿ ಹಾಡುವ ಹುಡುಗಿಯ ದನಿ ತಾರಸ್ಥಾಯಿಗೆ ಸಲೀಸಾಗಿ ಏರುವುದು ಯಾರದೋ ಕಿವಿಗೆ ಬೀಳುತ್ತದೆ. ಅಂಥ ದನಿಗೆ ಸೊಪ್ರಾನೊ ಎನ್ನುತ್ತಾರೆ. ರೇಕ್ಯಾವಿಕ್‌ನಲ್ಲಿ 1973ರಿಂದ ಹಾಡುಗಾರಿಕೆಗೆಂದೇ ಒಂದು ಶಾಲೆಯಿದೆ. ಅಲ್ಲಿ ಕಲಿತ ಮೇಲೆ ದೇಶ ಬಿಡಬೇಕು: ವಿಯೆನ್ನಾ, ಲಂಡನ್, ಬರ್ಲಿನ್. ಇಟಾಲಿಯನ್, ಜರ್ಮನ್, ಫ್ರೆಂಚ್ ಮಾತಿನ ಉಚ್ಚಾರ ನಾಲಿಗೆಗೆ ಕೂರಬೇಕು. ಉಸಿರು ಹಿಡಿಯುವುದು, ಬಿಡುವುದು, ಹಾಡುತ್ತಲೇ ರಂಗದ ಮೇಲೆ ಓಡುವುದು, ಬೀಳುವುದು, ಏಳುವುದು ಎಲ್ಲ ಕಲಿಯಬೇಕು. ದನಿ ಮಾಗುವುದೇ ಇಪ್ಪತ್ತೈದು ದಾಟಿದ ಮೇಲೆ. ಆಮೇಲೆ ಊರೂರು ಅಲೆದು ಪರೀಕ್ಷೆಗೆ ಹಾಡಿ ತೋರಿಸಬೇಕು. ಜರ್ಮನಿಯ ನಗರ ರಂಗಮಂದಿರಗಳಲ್ಲಿ ಗಾಯಕಿಯರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುವ ಪದ್ಧತಿ ಇದೆ. ಈ ವಾರ ದಾಸಿಯ ಪಾತ್ರ, ಬರುವ ವಾರ ರಾಣಿ. ಅಲ್ಲಿ ಕೆಲವು ವರ್ಷ ಪಳಗಿದವರಿಗೆ ಬೇರೆ ಊರುಗಳಿಂದ ಕರೆ ಬರತೊಡಗುತ್ತದೆ.

1905ರಲ್ಲಿ ಹುಟ್ಟಿದ ಮರಿಯಾ ಮರ್ಕಾನ್ ನಡೆದದ್ದು ಇದೇ ದಾರಿ. ಜರ್ಮನಿಯಲ್ಲಿ ಕಲಿತು, ಅಲ್ಲಿನ ರಂಗಗಳಲ್ಲಿ ಹಾಡಿ, 1941-42ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸೇರಿದರು. ಆ ರಂಗವನ್ನೇರಿದ ಮೊದಲ ಐಸ್‌ಲ್ಯಾಂಡಿಗರು ಅವರು. ಕೊನೆಗೆ ತಾಯ್ನಾಡಿಗೆ ಮರಳಿ ಹಾಡು ಕಲಿಸಿದರು.

ಇನ್ನು ಮೈಕಿನ ವಿಷಯ. ಎಪ್ಪತ್ತು ವಾದ್ಯಗಳ ಎದುರು ಒಂಟಿ ಕಂಠ ಗೆಲ್ಲುವುದು ಕೂಗಾಡಿ ಅಲ್ಲ. ವಾದ್ಯವೃಂದದ ಸದ್ದಿನ ಬಲವೆಲ್ಲ ಸೆಕೆಂಡಿಗೆ ಸುಮಾರು 500 ಕಂಪನಗಳ ಹತ್ತಿರ ಗುಂಪುಗೂಡಿರುತ್ತದೆ, ಮೇಲೆ ಹೋದಂತೆ ತಗ್ಗುತ್ತದೆ. ತಾರಕ್ಕೇರಿದ ಸೊಪ್ರಾನೊ ಸ್ವರ 700, 1000 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ನೋಡಿದರು. ಸ್ವರ ಏರಿದಂತೆಲ್ಲ ಗಾಯಕಿ ದವಡೆಯನ್ನು ಇಳಿಸುತ್ತ ಹೋಗುತ್ತಾಳೆ. ಬಾಯಿ, ಗಂಟಲಿನ ಪೊಳ್ಳು ಆ ಸ್ವರಕ್ಕೇ ಹೊಂದಿಕೊಂಡು ಅನುರಣಿಸುತ್ತದೆ, ಹೆಚ್ಚು ದಣಿವಿಲ್ಲದೆ ದನಿ ದೊಡ್ಡದಾಗುತ್ತದೆ. ಖಾಲಿ ಬಿಂದಿಗೆಯ ಬಾಯಿಗೆ ಮುಖವಿಟ್ಟು ಗುನುಗಿದರೆ ಯಾವುದೋ ಒಂದು ಸ್ವರಕ್ಕೆ ಬಿಂದಿಗೆಯೇ ಮೊಳಗುತ್ತದಲ್ಲ, ಹಾಗೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಅಷ್ಟು ಎತ್ತರದಲ್ಲಿ ‘ಇ’ ಯಾವುದು ‘ಎ’ ಯಾವುದು ಗೊತ್ತಾಗುವುದಿಲ್ಲ. ಇವತ್ತಿನ ಎಷ್ಟೋ ಒಪೆರಾ ರಂಗಗಳಲ್ಲಿ ಹೇಗೂ ಹಾಡಿನ ಮಾತನ್ನು ಮೇಲೆ ಫಲಕದಲ್ಲಿ ಬರೆದು ತೋರಿಸುತ್ತಾರೆ.

ನಮ್ಮ ದ್ರೌಪದಿಗೆ ಆ ಸೌಲಭ್ಯ ಎಲ್ಲಿದೆ? ಅವಳ ಒಂದೊಂದು ಮಾತೂ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಅಜ್ಜಿಗೆ ಬಿಡಿಬಿಡಿಯಾಗಿ ಮುಟ್ಟಬೇಕು, ಇಲ್ಲದಿದ್ದರೆ ಜನ ಬಿಡುವುದಿಲ್ಲ. ಎದುರಿಗೆ ಎಪ್ಪತ್ತು ವಾದ್ಯವಿಲ್ಲ ನಿಜ, ಹಾರ್ಮೋನಿಯಂ, ತಬಲ ಅಷ್ಟೇ. ಆದರೆ ಬಯಲಿನಲ್ಲಿ ದನಿಯನ್ನು ಹಿಂತಿರುಗಿಸಿ ಕೊಡುವ ಗೋಡೆಯೂ ಇಲ್ಲ. ಮೈಕು ಬರುವ ಮೊದಲು ಹಾಗೆ ಹಾಡಿದ ಹೆಂಗಸರು ನಮ್ಮಲ್ಲೂ ಇದ್ದರು, ಅದೂ ನಿಮ್ಮ ಜಿಲ್ಲೆಯ ಗುಬ್ಬಿಯಲ್ಲೇ ಹುಟ್ಟಿದ ಕಂಪನಿಯಲ್ಲಿ.

1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ದೊಡ್ಡ ಸಂಸ್ಥೆಯಾಗಿ ಬೆಳೆಸಿದರು. ನಮಗೆ ಸಂಗೀತ ಶಾಲೆ, ರಂಗಶಾಲೆ, ಸಂಬಳದ ನೌಕರಿ ಮೂರೂ ಅದೇ ಆಗಿತ್ತು. ಮಕ್ಕಳಾಗಿ ಬಂದವರು ಅಲ್ಲೇ ಉಂಡು, ಅಲ್ಲೇ ಕಲಿತು, ದೊಡ್ಡವರ ಪಾತ್ರ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಒಂದು ದಿನ ಆ ಪಾತ್ರಕ್ಕೇ ನಿಲ್ಲುತ್ತಿದ್ದರು. ಬಾಲ್ಯದಿಂದಲೇ ರಂಗದಲ್ಲಿ ಬೆಳೆದ ಬಿ. ಜಯಮ್ಮನವರು ಹುಟ್ಟಿದ್ದು 1915ರಲ್ಲಿ. ಮರಿಯಾ ಮರ್ಕಾನ್ ನ್ಯೂಯಾರ್ಕ್ ಸೇರಿದ 1941ರಲ್ಲೇ ಜಯಮ್ಮನವರ ‘ಸುಭದ್ರಾ’ ಸಿನಿಮಾ ಬಂತು, 1946ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’. ಅಷ್ಟು ಹೊತ್ತಿಗಾಗಲೇ ಡೇರೆ ತುಂಬಿದ ಜನಕ್ಕೆ ಹಾಡಿ ಹಾಡಿ ಅವರ ಕಂಠ ಪಳಗಿತ್ತು.

ಕಂಪನಿಗೆ ಹುಡುಗನಾಗಿ ಸೇರಿ ಮುಂದೆ ರಂಗನಿರ್ದೇಶಕರಾದ ಬಿ.ವಿ. ಕಾರಂತರನ್ನು ವೀರಣ್ಣನವರು ಮುಂದಿನ ಓದಿಗೆ ಕಾಶಿಗೆ ಕಳುಹಿಸಿದರು. ಅಲ್ಲಿ ಅವರು ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಕಲಿತರು. ಐಸ್‌ಲ್ಯಾಂಡಿನ ಹುಡುಗಿಯನ್ನು ವಿಯೆನ್ನಾಕ್ಕೆ ಕಳುಹಿಸಿದಂತೆಯೇ ಇದು. ಅಂಥ ಅವಕಾಶ ನಮ್ಮ ಹಾಡುವ ಹೆಣ್ಣುಮಕ್ಕಳಿಗೂ ಸಿಕ್ಕಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕಂಪನಿ ನಾಟಕಗಳಲ್ಲಿ ಬೆಳೆದ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದೇ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ಕಂಸನ ಪಾತ್ರವನ್ನೂ ತಾವೇ ಮಾಡಿದರು. ಪದ್ಮಶ್ರೀ ಅವರನ್ನು ತಲುಪಿದ್ದು 2012ರಲ್ಲಿ, ಅದೇ ವರ್ಷ ಅವರು ತೀರಿಕೊಂಡರು.

ಕಂಪನಿಗಳು ಸೊರಗಿದಾಗ ಆ ಶಾಲೆಯೂ ಹೋಯಿತು. ಉಳಿದದ್ದು ನೀವು ನೋಡಿಕೊಂಡು ಬೆಳೆದ ಊರ ನಾಟಕ. ಊರಿನ ಗಂಡಸರು ಪಾರ್ಟಿಗೆ ಇಷ್ಟೆಂದು ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ತಿಂಗಳುಗಟ್ಟಲೆ ರಾತ್ರಿ ಪ್ರ್ಯಾಕ್ಟೀಸು ಮಾಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ದ್ರೌಪದಿ, ಕುಂತಿ, ರುಕ್ಮಿಣಿ ಪಾರ್ಟಿನವರು ಬೇರೆ ಊರಿನಿಂದ ಆ ಒಂದು ರಾತ್ರಿಯ ಸಂಭಾವನೆಗೆ ಬರುತ್ತಾರೆ. ಪಾವಗಡದ ಕಡೆ ಇನ್ನೂ ಕಷ್ಟ. ಗಡಿಯಾಚೆಯ ತೆಲುಗು ಪದ್ಯನಾಟಕ ಕೇಳಿ ಪಳಗಿದ ಕಿವಿಗಳಿಗೆ ಪದ್ಯ ಮುಗಿದರೆ ಸಾಲದು, ಕೊನೆಗೆ ರಾಗ ಎಳೆಯಬೇಕು.

ಶಿರಾ ಕಡೆಯ ಒಂದು ಊರಿನಲ್ಲಿ ಅಂಥ ಕಲಾವಿದೆಯೊಬ್ಬರನ್ನು ಪರದೆಯ ಹಿಂದೆ ಕಂಡಿದ್ದೇನೆ. ತಮ್ಮ ಸೀನು ಮುಗಿಸಿ ಬಂದು, ಫ್ಲಾಸ್ಕಿನ ಬಿಸಿನೀರು ಕುಡಿದು, ಯಾರೊಂದಿಗೂ ಮಾತಾಡದೆ ಸೆರಗು ಹೊದ್ದು ಕೂತರು. ಮುಂದಿನ ಸೀನು ಬಂದಾಗ ರಾತ್ರಿ ಎರಡೂವರೆ. ಬೆಳಗಿನ ಮೊದಲ ಬಸ್ಸಿಗೆ ಅವರ ಟ್ರಂಕು ರಸ್ತೆಬದಿಯಲ್ಲಿತ್ತು, ಸಂಜೆಗೆ ಇನ್ನೊಂದು ಊರು. ಒಪೆರಾ ಗಾಯಕಿಗೆ ಒಂದು ದೊಡ್ಡ ಪಾತ್ರ ಹಾಡಿದ ಮೇಲೆ ಸಾಮಾನ್ಯವಾಗಿ ಒಂದೆರಡು ದಿನ ಬಿಡುವು ಕೊಡುತ್ತಾರೆ. ಅಂಥ ಗಂಟಲೇ ಇವರದೂ.

ನಿಮ್ಮ ಮಗಳ ವಿಷಯ. ಗಂಡುಮಕ್ಕಳಷ್ಟು ಎದ್ದು ಕಾಣದಿದ್ದರೂ ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ. ಇನ್ನು ಮೂರ್ನಾಲ್ಕು ವರ್ಷ ದೊಡ್ಡವರ ಶ್ರುತಿಯಲ್ಲಿ ದ್ರೌಪದಿಯ ಪದ್ಯ ಹಾಡಿಸಬೇಡಿ. ಹತ್ತಿರದಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವವರಿದ್ದರೆ ಸೇರಿಸಿ, ಸರಳೆ, ಜಂಟಿ ವರಸೆ ಗಟ್ಟಿಯಾದರೆ ಮುಂದೆ ಯಾವ ಸಂಗೀತಕ್ಕೂ ಅದು ಒದಗುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಲಿ. ಮುಂದೆ ಪದವಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವಿದೆ. ನಟನೆಯ ಕಡೆ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ ಇದೆ. ಒಪೆರಾದ ಹಾಡೇ ಬೇಕೆಂದರೆ ಚೆನ್ನೈಯಲ್ಲಿ ಎ.ಆರ್. ರೆಹಮಾನ್ ಅವರ ಕೆ.ಎಂ. ಸಂಗೀತ ಶಾಲೆಯಲ್ಲಿ ಪಾಶ್ಚಾತ್ಯ ಗಾಯನವನ್ನೂ ಕಲಿಸುತ್ತಾರೆ. ಶೀತದಲ್ಲಿ ದನಿ ಒಡೆದಿದ್ದರೆ ಹಾಡಲು ಒತ್ತಾಯಿಸಬೇಡಿ. ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ನಿಮ್ಮೂರಿಗೆ ನಾಟಕ ಬಂದಾಗ ಅವಳನ್ನು ಹಾರ್ಮೋನಿಯಂ ಪಕ್ಕದಲ್ಲೇ ಕೂರಿಸಿ. ದ್ರೌಪದಿ ಪಾರ್ಟಿನವರು ಪದ್ಯದ ಯಾವ ಯಾವ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಎಣಿಸಿಕೊಂಡು ಬಂದು ನಿಮಗೆ ಹೇಳಲಿ.