ಕ್ಷಮೆಯೂ ಕೃತಜ್ಞತೆಯೂ



ನಮ್ಮ ಶಾಲೆಯ ನೀತಿಬೋಧೆಯ ತರಗತಿಯಲ್ಲಿ ರಾಮಾಯಣ, ಬುದ್ಧನ ಜಾತಕಗಳು, ಪೈಗಂಬರರ ಚರಿತ್ರೆ ಇವುಗಳೊಡನೆ ಯೇಸುಕ್ರಿಸ್ತನು ಹೇಳಿದ ಸಾಮ್ಯಗಳನ್ನೂ ಓದುವುದು ವಾಡಿಕೆ. ನೀಲಗಿರಿಯವರಾದ ನಮಗೆ ಈ ಕಥೆಗಳು ಹೊಸವಲ್ಲ. 1846ರಲ್ಲಿ ಬಾಸೆಲ್ ಮಿಷನ್ನಿನವರು ಕೇತಿಯಲ್ಲಿ ನೆಲೆಸಿ ಶಾಲೆ ನಡೆಸತೊಡಗಿದಾಗ ಬಡಗರ ಮಕ್ಕಳಿಗೆ ಇವನ್ನು ಕನ್ನಡದಲ್ಲಿಯೇ ಹೇಳಿದರು. ಆ ಶತಮಾನದ ಕೊನೆಯ ಭಾಗದಲ್ಲಿ ಲೂಕನ ಸುವಾರ್ತೆಯು ಬಡಗ ನುಡಿಯಲ್ಲಿಯೇ ಅಚ್ಚಾಯಿತು. ಈ ವರ್ಷ ಅಂತಹ ಎರಡು ಕಥೆಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಒಂದು ಕ್ಷಮೆಯನ್ನು ಕುರಿತದ್ದು, ಇನ್ನೊಂದು ಕೃತಜ್ಞತೆಯನ್ನು ಕುರಿತದ್ದು. ಎರಡನ್ನೂ ಒಟ್ಟಿಗೆ ಓದಿದಲ್ಲದೆ ಯಾವುದೊಂದೂ ಪೂರ್ತಿ ತಿಳಿಯದೆಂದು ನನ್ನ ಅಭಿಪ್ರಾಯ.

ಮೊದಲನೆಯದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ನನಗೆ ತಪ್ಪುಮಾಡುವ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯನಾದ ಪೇತ್ರನು ಕೇಳುತ್ತಾನೆ. ಏಳಲ್ಲ, ಎಪ್ಪತ್ತರ ಏಳರಷ್ಟು ಸಲ ಎಂದು ಗುರುವಿನ ಉತ್ತರ. ಈ ಪಾಠ ಹೇಳಿದ ಮರುವಾರವೇ ಏಳನೆಯ ತರಗತಿಯ ಹುಡುಗನೊಬ್ಬನು ತನ್ನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಪಕ್ಕದ ಬೆಂಚಿನವನ ಹೆಸರು ಬರೆದು, ಅದರ ಕೆಳಗೆ ಅಡ್ಡಗೆರೆ ಎಳೆಯುತ್ತಿದ್ದುದನ್ನು ಕಂಡೆನು. ಏನೆಂದು ವಿಚಾರಿಸಲು, "ನಾನೂರ ತೊಂಬತ್ತು ಆಗುವವರೆಗೆ ಬಿಡುತ್ತೇನೆ ಸಾರ್, ಆಮೇಲೆ ಬಿಡುವುದಿಲ್ಲ" ಎಂದನು! ಗುಣಾಕಾರವೇನೋ ಸರಿಯಾಗಿತ್ತು. ಆದರೆ ಗೆರೆ ಎಳೆದು ಎಣಿಸುವವನು ಒಂದನ್ನೂ ಬಿಟ್ಟುಕೊಟ್ಟಿಲ್ಲ, ಎಲ್ಲವನ್ನೂ ಕೂಡಿಟ್ಟುಕೊಂಡಿದ್ದಾನೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಆಗ ಯೇಸುವು ಹೇಳಿದ ಕಥೆ ಇದು. ಅರಸನೊಬ್ಬನು ತನ್ನ ಸೇವಕರಿಂದ ಲೆಕ್ಕ ತೆಗೆದುಕೊಳ್ಳಲು ಕುಳಿತನು. ಹತ್ತು ಸಾವಿರ ತಲಾಂತು ಸಾಲಮಾಡಿದ ಒಬ್ಬನನ್ನು ಕರೆತಂದರು. ತೀರಿಸಲು ಅವನಲ್ಲಿ ಏನೂ ಇರಲಿಲ್ಲ. ಅವನು ಅಡ್ಡಬಿದ್ದು ಬೇಡಿಕೊಳ್ಳಲು ಅರಸನು ಕನಿಕರಿಸಿ ಸಾಲವನ್ನೆಲ್ಲ ಬಿಟ್ಟುಬಿಟ್ಟನು. ಆ ಸೇವಕನು ಹೊರಗೆ ಬಂದೊಡನೆ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನನ್ನು ಕಂಡು, ಕುತ್ತಿಗೆ ಹಿಡಿದು, ಅವನು ಬೇಡಿಕೊಂಡರೂ ಕೇಳದೆ ಸೆರೆಮನೆಗೆ ಹಾಕಿಸಿದನು.

ಇದನ್ನು ಗಣಿತದ ಹಲಗೆಯ ಮೇಲೆ ಬರೆದು ನೋಡೋಣ. ದಿನಾರಿಯೆಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ಕೆಲಸಮಾಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು! ಜೊತೆಗಾರನ ಸಾಲವೋ ನೂರು ದಿನಗಳ ಕೂಲಿ. ಮೊದಲಿನದರ ಆರು ಲಕ್ಷದಲ್ಲೊಂದು ಪಾಲು. ಈ ಲೆಕ್ಕವನ್ನು ಹೇಳಿ ಮಕ್ಕಳನ್ನು ನಗಿಸಿ ಮುಂದೆ ಹೋಗುವುದು ನನ್ನ ರೂಢಿಯಾಗಿತ್ತು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ನೂರು ದಿನದ ಕೂಲಿ ಚಿಕ್ಕದೇ ಸಾರ್, ಎಂದಳು. ಅವಳ ತಾಯಿ ಗೂಡಲೂರಿನ ಕಡೆಯ ತೋಟದಲ್ಲಿ ಟೀ ಎಲೆ ಕೀಳುವವರು. ಆಕೆಯ ಮಾತು ನಿಜ. ನೂರು ದಿನಗಳ ಕೂಲಿ ತಪ್ಪಿದರೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ಕಥೆ ಹೇಳಿದ ಗುರುವಿಗೂ ಅದು ತಿಳಿದಿತ್ತೆಂದೇ ತೋರುತ್ತದೆ. ಇಲ್ಲವಾದರೆ ಒಂದೆರಡು ದಿನಾರಿ ಎನ್ನುತ್ತಿದ್ದನು. ಇತರರು ನಮಗೆ ಮಾಡಿದ ಅನ್ಯಾಯವು ಏನೂ ಅಲ್ಲವೆಂದು ಅವನು ಹೇಳುತ್ತಿಲ್ಲ. ನಾವು ಪಡೆದದ್ದನ್ನು ಮರೆತು ಅದೊಂದನ್ನೇ ನೆನೆಯುವುದು ತಪ್ಪೆಂದು ಹೇಳುತ್ತಾನೆ. ಆ ಸೇವಕನು ಅರಮನೆಯ ಬಾಗಿಲು ದಾಟುವಷ್ಟರಲ್ಲಿ ಎರಡು ಲಕ್ಷ ವರ್ಷಗಳ ಋಣವನ್ನು ಮರೆತನು. ಅವನ ಕ್ರೌರ್ಯದ ಬುಡದಲ್ಲಿದ್ದುದು ಮರೆವು.

ಇಲ್ಲಿಯೇ ಎರಡನೆಯ ಕಥೆ ಜೊತೆಗೂಡುವುದು. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಯೇಸುವನ್ನು ಕೂಗುತ್ತಾರೆ. ಹತ್ತು ಮಂದಿಯೂ ಗುಣಹೊಂದುತ್ತಾರೆ. ಹಿಂದಿರುಗಿ ಬಂದು ಕಾಲಿಗೆ ಬಿದ್ದು ಉಪಕಾರವನ್ನು ನೆನೆದವನು ಒಬ್ಬನೇ. ಅವನೂ ಸಮಾರ್ಯದವನು, ಅಲ್ಲಿಯವರು ಪಂಕ್ತಿಗೆ ಸೇರಿಸದ ಜನ. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಕಥೆ ಹೇಳುವುದಿಲ್ಲ. ಮನೆಗೆ ಹೋಗುವ ಆತುರ ಅವರಿಗಿದ್ದಿರಬೇಕು. ನಮ್ಮ ಭಾಷೆಯ ಶಬ್ದವನ್ನು ಗಮನಿಸಿರಿ. ಕೃತಜ್ಞನೆಂದರೆ ತನಗೆ ಮಾಡಿದ್ದನ್ನು ತಿಳಿದವನು, ಅಷ್ಟೆ. ಕೃತಘ್ನನೆಂದರೆ ಮಾಡಿದ್ದನ್ನು ಕೊಲ್ಲುವವನು. ಕ್ಷಮೆಯೆಂಬ ಶಬ್ದಕ್ಕೆ ನಿಘಂಟಿನಲ್ಲಿ ಭೂಮಿ ಎಂಬ ಅರ್ಥವೂ ಉಂಟು. ಭಾರ ಹೊರುವುದರಿಂದ ಆ ಹೆಸರು.

ಹೀಗೆ ಭಾರ ಹೊತ್ತವರೊಬ್ಬರ ಸಂಗತಿಯನ್ನು ಮೇಲಿನ ತರಗತಿಯವರು ತಿಳಿದಿರತಕ್ಕದ್ದು. ಆಸ್ಟ್ರೇಲಿಯಾದಿಂದ 1965ರಲ್ಲಿ ಭಾರತಕ್ಕೆ ಬಂದ ಗ್ರಹಾಂ ಸ್ಟೇನ್ಸರು ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಆಶ್ರಮದಲ್ಲಿ ಸೇವೆಮಾಡುತ್ತಿದ್ದರು. ಅವರ ಪತ್ನಿ ಗ್ಲಾಡಿಸ್ ದಾದಿಯ ತರಬೇತಿ ಪಡೆದವರು. ಅವರ ಗಂಡುಮಕ್ಕಳಾದ ಫಿಲಿಪ್ ಮತ್ತು ತಿಮೋತಿ ಓದುತ್ತಿದ್ದುದು ನಮ್ಮ ಉದಕಮಂಡಲದಲ್ಲಿ. ನೀವು ನಡುಗುತ್ತ ಬಸ್ಸಿಗೆ ಕಾಯುವ ಇದೇ ಮಂಜಿನಲ್ಲಿ ಅವರೂ ಶಾಲೆಗೆ ಹೋದವರು. ರಜೆಗೆಂದು ಊರಿಗೆ ಹೋದ ಆ ಇಬ್ಬರು ಬಾಲಕರು 1999ರ ಜನವರಿ 22ರ ರಾತ್ರಿ ಮನೋಹರಪುರವೆಂಬ ಹಳ್ಳಿಯಲ್ಲಿ ತಂದೆಯೊಡನೆ ವಾಹನದೊಳಗೆ ಮಲಗಿದ್ದಾಗ ಗುಂಪೊಂದು ಬಂದು ವಾಹನಕ್ಕೆ ಬೆಂಕಿಯಿಟ್ಟಿತು. ಮೂವರೂ ಸುಟ್ಟುಹೋದರು. ಹಿರಿಯವನಿಗೆ ಹತ್ತು ವರ್ಷ, ಕಿರಿಯವನಿಗೆ ಆರು.

ಕೊಂದವರನ್ನು ತಾನು ಕ್ಷಮಿಸಿರುವುದಾಗಿಯೂ ಅವರ ಮೇಲೆ ದ್ವೇಷವಿಲ್ಲವೆಂದೂ ಗ್ಲಾಡಿಸ್ ಸ್ಟೇನ್ಸರು ಹೇಳಿದರು. ಉಳಿದ ಒಬ್ಬಳೇ ಮಗಳೊಡನೆ ಸ್ವದೇಶಕ್ಕೆ ಹೊರಟುಹೋಗುವರೆಂದು ಯಾರಾದರೂ ಎಣಿಸಬಹುದಾಗಿತ್ತು. ಆಕೆ ಹೋಗಲಿಲ್ಲ. ಐದು ವರ್ಷ ಅಲ್ಲಿಯೇ ಇದ್ದು ಅದೇ ರೋಗಿಗಳ ಶುಶ್ರೂಷೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರವು ಆಕೆಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಇತ್ತ ನ್ಯಾಯಾಲಯಗಳು ತಮ್ಮ ಕೆಲಸ ಮಾಡಿದವು; ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ಆಕೆಯ ಕ್ಷಮೆಯು ಅದಕ್ಕೆ ಅಡ್ಡಬರಲಿಲ್ಲ. ಸೇಡನ್ನು ಬಿಟ್ಟವರು ಸತ್ಯವನ್ನೂ ಬಿಡಬೇಕಾಗಿಲ್ಲ. ಕ್ಷಮಿಸಿದೆನೆಂದರೆ ತಪ್ಪೇ ನಡೆಯಲಿಲ್ಲವೆಂದು ಒಪ್ಪಿದಂತೆ ಎಂದು ಅನೇಕ ಹಿರಿಯರೂ ತಿಳಿದಿರುವುದರಿಂದ ಇದನ್ನು ಬಿಡಿಸಿ ಬರೆದೆನು.

ತಂದೆತಾಯಿಗಳಲ್ಲಿ ಇಲ್ಲಿ ಒಂದು ವಿಜ್ಞಾಪನೆ. ಜಗಳವಾಡಿದ ಮಕ್ಕಳಿಬ್ಬರನ್ನೂ ಕಿವಿ ಹಿಡಿದು ಎದುರುಬದುರು ನಿಲ್ಲಿಸಿ, ನೀನು ತಪ್ಪಾಯಿತೆನ್ನು, ನೀನು ಪರವಾಗಿಲ್ಲವೆನ್ನು ಎಂದು ಹೇಳಿಸುವ ಪದ್ಧತಿ ನಮ್ಮಲ್ಲೆಲ್ಲ ಇದೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಬಾಯಿಪಾಠದಿಂದ ಮಗ್ಗಿ ಬರುತ್ತದೆ, ಕ್ಷಮೆ ಬರುವುದಿಲ್ಲ. ಅದನ್ನು ನನಗೆ ಕಲಿಸಿದ ಪ್ರಸಂಗವನ್ನು ಹೇಳದೆ ಈ ಪಾಠವನ್ನು ಮುಗಿಸಿದರೆ ಅಪ್ರಾಮಾಣಿಕತೆಯಾದೀತು.

ಕೆಲವು ವರ್ಷಗಳ ಹಿಂದೆ ಶಾಲಾ ಪ್ರವಾಸಕ್ಕೆಂದು ಕೂಡಿಸಿದ ಹಣದಲ್ಲಿ ಐನೂರು ರೂಪಾಯಿ ನನ್ನ ಮೇಜಿನಿಂದ ಕಾಣೆಯಾಯಿತು. ದಿನವೂ ಹಾಜರಿ ಪುಸ್ತಕವನ್ನು ನನ್ನ ಕೊಠಡಿಗೆ ತರುತ್ತಿದ್ದ ಮಸಿನಗುಡಿಯ ಕಡೆಯ ಹುಡುಗನ ಮೇಲೆ ನನಗೆ ಸಂಶಯ ಬಂದಿತು. ವಿಚಾರಿಸುವ ತಾಳ್ಮೆಯಿಲ್ಲದೆ ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಆಡಬಾರದ ಮಾತನ್ನು ಆಡಿದೆನು. ಮೂರು ದಿನಗಳ ತರುವಾಯ ಆ ನೋಟು ನಾನೇ ಇಟ್ಟು ಮರೆತಿದ್ದ ದಾಖಲೆ ಪುಸ್ತಕದ ಹಾಳೆಗಳ ನಡುವೆ ದೊರೆಯಿತು. ಹುಡುಗನನ್ನು ಕೊಠಡಿಗೆ ಕರೆದು ತಪ್ಪಾಯಿತೆಂದೆನು. "ಪರವಾಗಿಲ್ಲ ಸಾರ್" ಎಂದನು. ನನ್ನ ಮನಸ್ಸು ಹಗುರವಾಯಿತು; ಅವನ ಮುಖ ಹಗುರವಾಗಲಿಲ್ಲ.

ಮರುದಿನ ಅವನ ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ನಡೆದುದನ್ನೆಲ್ಲ ಒಪ್ಪಿಕೊಂಡು, ಮಗನನ್ನು ಕ್ಷಮೆ ಕೇಳಿರುವೆನೆಂದು ತಿಳಿಸಿದೆನು.

"ಎಲ್ಲಿ ಕೇಳಿದಿರಿ ಮೇಷ್ಟ್ರೇ?" ಎಂದರು.

"ಇಲ್ಲಿಯೇ ತಾಯಿ, ಈ ಕೊಠಡಿಯಲ್ಲಿ."

"ಬೈದದ್ದು ಎಲ್ಲರ ಮುಂದೆ ಅಲ್ಲವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಟಿ. ತರಗತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಓದಿ ಉತ್ತೀರ್ಣನಾದವನು ನಾನು. ಆ ಪ್ರಶ್ನೆ ಮಾತ್ರ ಯಾವ ಪತ್ರಿಕೆಯಲ್ಲಿಯೂ ಬಂದಿರಲಿಲ್ಲ. ಮಾರನೆಯ ದಿನ ಅದೇ ತರಗತಿಯಲ್ಲಿ, ಅದೇ ಹಲಗೆಯ ಮುಂದೆ ನಿಂತು, ಹಣ ಎಲ್ಲಿ ಸಿಕ್ಕಿತೆಂಬುದನ್ನೂ ನಾನು ಮಾಡಿದ ಅನ್ಯಾಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿ ಅವನ ಕ್ಷಮೆ ಬೇಡಿದೆನು. ಅವನು ಈ ಸಲ ಪರವಾಗಿಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದನು. ಉತ್ತರ ಹೇಳೆಂದು ನಾನೂ ಒತ್ತಾಯಿಸಲಿಲ್ಲ.

ಹಾಜರಿ ಪುಸ್ತಕವನ್ನು ಬೇರೊಬ್ಬ ಹುಡುಗನು ತರತೊಡಗಿದ್ದನು. ಹಾಗೆಯೇ ಒಂದು ತಿಂಗಳು ಕಳೆಯಿತು. ಒಂದು ಸೋಮವಾರ ಬೆಳಗ್ಗೆ ಬಾಗಿಲಲ್ಲಿ ಸಪ್ಪಳವಾಗಲು ತಲೆಯೆತ್ತಿ ನೋಡಿದೆನು. ಮಳೆಗೆ ನೆನೆಯದಂತೆ ಪುಸ್ತಕವನ್ನು ಸ್ವೆಟರಿನೊಳಗೆ ಅವುಚಿಕೊಂಡು ಅವನೇ ನಿಂತಿದ್ದನು. ಮೇಜಿನ ಮೇಲಿಟ್ಟು, "ಇವತ್ತು ಮೂವರು ಬಂದಿಲ್ಲ ಸಾರ್" ಎಂದು ಹೇಳಿ ಹೋದನು.